ಹಡಗಿನ ಟಿಕೆಟ್ಟಿಗೆ ಎಷ್ಟು?

ಮುಂಬೈಯಿಂದ ಗೋವಾ, ಲಕ್ಷದ್ವೀಪಕ್ಕೆ ಹೊರಡುವ ವಿಹಾರ ನೌಕೆಯ ದರವನ್ನು ಮೂವರು ಏಜೆಂಟರಲ್ಲಿ ವಿಚಾರಿಸಿದರೆ ಮೂರು ಮೊತ್ತ ಹೇಳಿಯಾರು. ಹಡಗು ಒಂದೇ. ವ್ಯತ್ಯಾಸ ಹೆಚ್ಚಾಗಿ ಯಾವುದನ್ನು ಬಿಟ್ಟು ಹೇಳಿದರು ಎಂಬುದರಲ್ಲಿದೆ. ಜಾಹೀರಾತಿನ ದರ ಸಾಮಾನ್ಯವಾಗಿ ತಲಾ ಲೆಕ್ಕ, ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರಿದ್ದರೆ. ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಯ ಭಕ್ಷೀಸು ಎಷ್ಟೋ ಸಲ ಆಮೇಲೆ ತಲೆಯೆತ್ತುತ್ತವೆ. ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಅಗ್ಗ. ಅದನ್ನು ಬಾಲ್ಕನಿ ಕ್ಯಾಬಿನ್ ಜೊತೆ ಹೋಲಿಸಿ ಫಲವಿಲ್ಲ. ಅದೇ ಕ್ಯಾಬಿನ್‌ನಲ್ಲಿ ಮಲಗುವ ಮೂರನೆಯ, ನಾಲ್ಕನೆಯವರಿಗೆ ದರ ಅನೇಕ ವೇಳೆ ಇಳಿಯುತ್ತದೆ. ಇಬ್ಬರು ಮಕ್ಕಳಿರುವವರು ಇದನ್ನು ಕೇಳಿಯೇ ಕೇಳಬೇಕು. ಅದೇ ದಿನಾಂಕ, ಅದೇ ಬಗೆಯ ಕ್ಯಾಬಿನ್, ನಾಲ್ವರ ಒಟ್ಟು ಮೊತ್ತ: ಇಷ್ಟನ್ನು ಬರೆಸಿಕೊಳ್ಳಿ. ಕೂಡಿ ಕಳೆಯುವ ಕೆಲಸ ಹೈಸ್ಕೂಲಿನ ಮಕ್ಕಳಿಗೇ ಬಿಡಿ. ಪರೀಕ್ಷೆ ಮುಂದಕ್ಕೆ ಹೋಗಿ ಟಿಕೆಟ್ ರದ್ದುಮಾಡಬೇಕಾದರೆ ಎಷ್ಟು ಹಣ ವಾಪಸು? ಮುಂಗಡ ಕೊಡುವ ಮುಂಚೆಯೇ ಕೇಳಿ.