ಒರಟು ಗಡ್ಡಕ್ಕೆ ಮೊದಲು ನೀರು, ಆಮೇಲೆ ಬ್ಲೇಡು

ಗಡ್ಡ ಒರಟಾಗಿದ್ದರೆ ನಾಲ್ಕೈದು ಬ್ಲೇಡಿನ ದುಬಾರಿ ರೇಜರೇ ಬೇಕು ಅಂತ ಜಾಹೀರಾತು ಹೇಳುತ್ತದೆ. ನಾನು ಒಪ್ಪುವುದಿಲ್ಲ. ಕಿರಾಣಿ ಅಂಗಡಿಯ ಒಂದು ಬ್ಲೇಡು, ಹಳೇ ಸೇಫ್ಟಿ ರೇಜರು, ಬಿಸಿನೀರು ಸಾಕು.

ಒಣಗಿದ ಕೂದಲು ಗಟ್ಟಿ, ನೆನೆದರೆ ಮೆತ್ತಗೆ. ಸ್ನಾನ ಮುಗಿಸಿಯೇ ಕೂರಿ, ಇಲ್ಲವೇ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಎರಡು ಮೂರು ನಿಮಿಷ ಗಡ್ಡಕ್ಕೆ ಒತ್ತಿಕೊಳ್ಳಿ. ದಟ್ಟವಾಗಿ ನೊರೆ ಹಚ್ಚಿ. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಲಿ. ಒತ್ತದೆ, ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಇನ್ನೂ ನುಣುಪಾಗಬೇಕಾದರೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ ಎಳೆಯಿರಿ. ಎದುರು ದಿಕ್ಕಿಗೆ ಎಳೆದರೆ ಗುಂಗುರು ಕೂದಲು ಚರ್ಮದೊಳಗೇ ತಿರುಗಿ ಗುಳ್ಳೆ ಏಳಬಹುದು.

ಉಳಿದ ದುಡ್ಡಲ್ಲಿ ಮನೆಯ ಒಬ್ಬೊಬ್ಬರಿಗೂ ಬೇರೆ ಬ್ಲೇಡು ತನ್ನಿ. ಹಂಚಿಕೊಂಡ ಬ್ಲೇಡಿನಿಂದ ಹೆಪಟೈಟಿಸ್ ಬಿ ಹರಡಬಹುದು. ಕಟಿಂಗ್ ಶಾಪಿನಲ್ಲೂ ಹೊಸ ಬ್ಲೇಡು ಹಾಕಿ ಅಂತ ಕೇಳಿ, ಸಂಕೋಚ ಬೇಡ.