‘ಹಳೇದಾಯ್ತು’ ಎಂಬ ತೀರ್ಪು

ಕಂಪ್ಯೂಟರ್ ನಿಧಾನವಾಯಿತೆಂದರೆ ರಿಪೇರಿಯವರ ಬಾಯಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: ‘ಹಳೇದಾಯ್ತು ಮೇಡಂ, ಬೇರೆ ತಗೊಳ್ಳಿ.’ ಒಂದು ಪ್ರಶ್ನೆ ಕೇಳುವುದಿಲ್ಲ, ಒಂದು ಅಂಕಿ ನೋಡುವುದಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ಯುವ ಈ ವೈದ್ಯವನ್ನು ನಾನು ಒಪ್ಪಲಾರೆ. ಶಾಲೆಯಲ್ಲಿ ಒಂದು ಯಂತ್ರವನ್ನು ಮೂಲೆಗೆ ತಳ್ಳಿದರೆ ಅದರೊಂದಿಗೆ ಎಷ್ಟು ಮಕ್ಕಳ ಪಾಠ ಮೂಲೆ ಸೇರುತ್ತದೆಂಬುದು ಆ ತೀರ್ಪು ಕೊಡುವವರಿಗೆ ಗೊತ್ತಿಲ್ಲ.

ಲಿನಕ್ಸ್ ನಡೆಯುವ ಯಂತ್ರದ ಮುಂದಂತೂ ಈ ಸೋಮಾರಿತನಕ್ಕೆ ಕ್ಷಮೆಯೇ ಇಲ್ಲ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆ ತನ್ನ ಹೊಟ್ಟೆಯೊಳಗಿನದನ್ನು ಮುಚ್ಚಿಡುವುದಿಲ್ಲ, ಕೇಳಿದರೆ ಹೇಳುತ್ತದೆ. ‘ಟಾಪ್’ ಎಂಬ ಆದೇಶ ಕೊಟ್ಟು ನೋಡಿ. ಅಲ್ಲಿ ‘ಡಬ್ಲ್ಯುಎ’ ಎಂಬ ಅಂಕಿ ದೊಡ್ಡದಾಗಿದ್ದರೆ ಪ್ರೊಸೆಸರ್ ಮುದಿಯಾಗಿಲ್ಲ, ಡಿಸ್ಕಿನಿಂದ ಕಡತ ಬರಲೆಂದು ಕೈಕಟ್ಟಿ ಕುಳಿತಿದೆ ಎಂದರ್ಥ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಅಲ್ಲಲ್ಲಿ ಚದುರಿದ ಸಣ್ಣ ತುಣುಕುಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸು ಮಾತ್ರ ಓದಬಲ್ಲದು. ಹೊಸತರಲ್ಲೂ ಅದರ ಶಕ್ತಿ ಅಷ್ಟೇ ಇತ್ತು! ಹಾಗಾದರೆ ಕೇಳಬೇಕಾದ್ದು ಅದರ ವಯಸ್ಸನ್ನಲ್ಲ, ಅದರ ಮೇಲೆ ಬಿದ್ದಿರುವ ಹೊರೆಯನ್ನು.

ಯಾವ ಪ್ರೋಗ್ರಾಮು ಡಿಸ್ಕನ್ನು ಎಳೆದಾಡುತ್ತಿದೆ? ‘ಐಒಟಾಪ್’ ಹೆಸರು ಹಿಡಿದು ಹೇಳುತ್ತದೆ. ನೆನಪು, ಎಂದರೆ ರ‍್ಯಾಮ್, ಸಾಲದೆ ಅಲ್ಲಿನದನ್ನೆಲ್ಲ ಡಿಸ್ಕಿಗೆ ಹಾಕಿ ತೆಗೆಯುತ್ತಿದೆಯೇ? ‘ಫ್ರೀ’ ಹೇಳುತ್ತದೆ. ಆದರೆ ಅಲ್ಲಿ ನೋಡಬೇಕಾದ್ದು ‘ಅವೈಲಬಲ್’ ಎಂಬ ಅಂಕಣವನ್ನು. ಖಾಲಿ ರ‍್ಯಾಮಿನಲ್ಲಿ ಓದಿದ ಕಡತಗಳನ್ನು ಇಟ್ಟುಕೊಳ್ಳುವುದು ಲಿನಕ್ಸಿನ ಜಾಣತನವೇ ಹೊರತು ರೋಗವಲ್ಲ. ಡಿಸ್ಕು ತುಂಬಿ ತುಳುಕುತ್ತಿದೆಯೇ? ‘ಡಿಎಫ್’ ತೋರಿಸುತ್ತದೆ. ಜಾಗ ಕಿರಿದಾದಂತೆ ಹೊಸ ಕಡತಗಳು ಚೂರುಚೂರಾಗಿ ಚದುರುತ್ತವೆ. ಡಿಸ್ಕು ಸಾಯುತ್ತಿದೆಯೇ? ‘ಸ್ಮಾರ್ಟ್‌ಸಿಟಿಎಲ್’ ಕೊಡುವ ವರದಿಯಲ್ಲಿ ಓದಲಾಗದ ಸೆಕ್ಟರುಗಳ ಲೆಕ್ಕವಿರುತ್ತದೆ. ಅಂಥ ಒಂದು ಸೆಕ್ಟರನ್ನು ಡಿಸ್ಕು ಮತ್ತೆ ಮತ್ತೆ ಓದಲು ಹೆಣಗುವಾಗ ಉಳಿದದ್ದೆಲ್ಲ ಕಾಯಬೇಕಾಗುತ್ತದೆ. ಅದೇ ವರದಿಯಲ್ಲಿ ‘ಸಿಆರ್‌ಸಿ’ ತಪ್ಪುಗಳು ಏರುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಡಿಸ್ಕನ್ನಲ್ಲ, ಅದರ ಕೇಬಲ್ಲನ್ನು.

‘ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತೆ’ ಎನ್ನುವ ಇನ್ನೊಂದು ಪಂಗಡವಿದೆ. ಸಾಯುತ್ತಿರುವ ಡಿಸ್ಕಿನಿಂದ ಮೊದಲು ಕಡತಗಳನ್ನು ಬೇರೆಡೆಗೆ ನಕಲು ಮಾಡಬೇಕು. ಇವರು ಮೊದಲು ಅಳಿಸುತ್ತಾರೆ, ಆಮೇಲೆ ಯೋಚಿಸುತ್ತಾರೆ. ಫಾರ್ಮ್ಯಾಟಿನಿಂದ ಕೆಟ್ಟ ಕೇಬಲ್ಲು ಒಳ್ಳೆಯದಾಗದು, ಸಾಲದ ರ‍್ಯಾಮು ಬೆಳೆಯದು.

ಹಳೆಯದೆಲ್ಲ ಉಳಿಯಲೇಬೇಕೆಂಬ ಹಟ ನನಗಿಲ್ಲ. ಡಿಸ್ಕು ಸವೆಯುವ ವಸ್ತು. ಅದನ್ನು ತೆಗೆದು, ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಹಾಕಿದರೆ ಅದೇ ಹಳೆಯ ಯಂತ್ರ ಚುರುಕಾಗುತ್ತದೆ. ಚಕ್ರ ಸವೆಯಿತೆಂದು ಗಾಡಿಯನ್ನೇ ಸೌದೆ ಮಾಡುವವರುಂಟೇ? ‘ಇಷ್ಟೆಲ್ಲ ನೋಡಲು ಸಮಯ ಯಾರಿಗಿದೆ?’ ಎನ್ನುತ್ತಾರೆ. ಹೊಸದಕ್ಕೆ ಅರ್ಜಿ ಬರೆದು, ಮಂಜೂರಾತಿಗೆ ವರ್ಷಗಟ್ಟಲೆ ಕಾಯಲು ಇರುವ ಸಮಯ, ನಾಲ್ಕು ಆದೇಶ ಕೊಟ್ಟು ನೋಡಲು ಇಲ್ಲವೇ?

ಬೋರ್ಡು ಕಾಣದ ಹುಡುಗನನ್ನು ಮಂದಬುದ್ಧಿಯವನೆಂದು ಬರೆಯುವ ಮೇಷ್ಟರನ್ನು ನಾವು ಕ್ಷಮಿಸುವುದಿಲ್ಲ. ಯಂತ್ರದ ಮೇಲೆ ತೀರ್ಪು ಬರೆಯುವವರಿಗೂ ಅದೇ ನಿಯಮವಿರಲಿ. ಗುಜರಿಗೆ ಹಾಕಿ ಎಂದು ಸಹಿ ಮಾಡುವ ಮುನ್ನ, ಯಾವ ಅಂಕಿ ನೋಡಿ ಹಾಗೆಂದಿರಿ ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಿರಿ.