ಆಸೆ ಕನ್ನಡದಲ್ಲಿ, ಸಹಿ ಇಂಗ್ಲಿಷಿನಲ್ಲಿ!

ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿನ ತನಕ ಹೆದ್ದಾರಿ ಬದಿಯಲ್ಲಿ ಅಚ್ಚುಕಟ್ಟಾದ ಕನ್ನಡ ಎಲ್ಲಿ ಸಿಗುತ್ತದೆ ಗೊತ್ತೆ? ಜಾಗ ಮಾರುವವರ ಬ್ಯಾನರುಗಳಲ್ಲಿ! ‘ಕನಸಿನ ಮನೆಗೆ ಐದು ಸೆಂಟ್ಸ್’, ‘ಸುಲಭ ಕಂತಿನ ಸಾಲ ಲಭ್ಯ’. ಮುದ್ರಣಾಲಯ ನಡೆಸುವ ನಾನು ಇಂಥ ಕರಪತ್ರ ಸಾವಿರಗಟ್ಟಲೆ ಅಚ್ಚು ಹಾಕಿದ್ದೇನೆ. ಆದರೆ ಅದೇ ಜಾಗದ ಸಾಲದ ಕರಾರನ್ನು ಕನ್ನಡದಲ್ಲಿ ಅಚ್ಚು ಹಾಕಿಕೊಡಿ ಎಂದು ಒಬ್ಬನೇ ಒಬ್ಬ ನನ್ನ ಬಾಗಿಲಿಗೆ ಬಂದದ್ದಿಲ್ಲ. ಆಸೆ ಹುಟ್ಟಿಸಲು ಕನ್ನಡ ಬೇಕು, ಕೊರಳಿಗೆ ಹಗ್ಗ ಹಾಕಲು ಇಂಗ್ಲಿಷ್ ಸಾಕು!

ತರುಣರೇ, ಬೆಂಗಳೂರಿನ ಹೋಟೆಲು, ಕಂಪನಿ, ಗಲ್ಫು ಎಂದು ದುಡಿದು ನಾಲ್ಕು ಕಾಸು ಕೂಡಿದೊಡನೆ ಊರಲ್ಲೊಂದು ಜಾಗ ಮಾಡಬೇಕೆಂಬ ನಿಮ್ಮ ಆಸೆ ತಪ್ಪಲ್ಲ. ತಪ್ಪಿರುವುದು ಅದನ್ನು ಮಾಡುವ ರೀತಿಯಲ್ಲಿ. ಬ್ಯಾಂಕಿನವರು ಕಾಗದದ ಕಟ್ಟು ಮುಂದಿಡುತ್ತಾರೆ. ‘ಎಲ್ಲ ಮಾಮೂಲಿ, ಸಹಿ ಹಾಕಿ ಮಾರಾಯ್ರೆ’ ಎನ್ನುತ್ತಾನೆ ಬ್ರೋಕರು. ಬಡ್ಡಿ ಏರಿದರೆ ಕಂತು ಎಷ್ಟು? ಎರಡು ಕಂತು ತಪ್ಪಿದರೆ ಗತಿ ಏನು? ಯಾರೂ ಕೇಳುವುದಿಲ್ಲ. ಬ್ಯಾಂಕಿನ ಇಂಗ್ಲಿಷಿನ ಮುಂದೆ ಎಂ.ಎ. ಓದಿದವನೂ ಹೆಬ್ಬೆಟ್ಟೇ!

ಇದು ಯಾವ ನೆಲ? ಬ್ಯಾಂಕುಗಳನ್ನು ಹೆತ್ತ ನೆಲ! 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. 1928ರಲ್ಲಿ ಪಿಗ್ಮಿ ಶುರುಮಾಡಿದ ಸಿಂಡಿಕೇಟಿನವರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಸಂಗ್ರಹಿಸಿದರು. ಎರಡಾಣೆ ಕೇಳಲು ಜನರ ಭಾಷೆ ಬೇಕಿತ್ತು! 2019ರಲ್ಲಿ ವಿಜಯಾ ಬರೋಡಾದ ಹೊಟ್ಟೆಗೆ ಹೋಯಿತು. 2020ರಲ್ಲಿ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ ಸೇರಿದವು. ಹೆಸರು ಹೋದರೆ ಹೋಗಲಿ, ಭಾಷೆಯೂ ಹೋಗಬೇಕೆ?

ಕೇಳಿ, ನಿಯಮ ನಮ್ಮ ಕಡೆಗಿದೆ. 2024ರ ಏಪ್ರಿಲ್ 15ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಮನೆಸಾಲ, ಜಾಗದ ಸಾಲ ಯಾವುದೇ ಇರಲಿ, ಸಾಲದ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಬರೆದುಕೊಡಬೇಕು. ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂದು ಕೇಳಿ. ಎಲ್ಲ ಖರ್ಚು ಸೇರಿ ವರ್ಷಕ್ಕೆ ಬೀಳುವ ನಿಜವಾದ ಬಡ್ಡಿ ಅದರಲ್ಲಿರಬೇಕು. ಅದರಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಒಪ್ಪಿಗೆ ಇಲ್ಲದೆ ವಸೂಲು ಮಾಡುವಂತಿಲ್ಲ. ಓದಿ ತೀರ್ಮಾನಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಇವತ್ತೇ ಸಹಿ ಹಾಕಿ ಎಂದು ಅವಸರ ಮಾಡುವವನಿಗೆ ಇದನ್ನೇ ಹೇಳಿ!

ಈ ಪತ್ರ ಏಕೆ ಬೇಕು? ಲೆಕ್ಕ ನೋಡಿ. 20 ಲಕ್ಷ ರೂಪಾಯಿ ಸಾಲ, ಶೇ. 9ರ ಬಡ್ಡಿ, 20 ವರ್ಷ: ತಿಂಗಳ ಕಂತು ಸುಮಾರು 18 ಸಾವಿರ. ಕಟ್ಟುವುದು ಒಟ್ಟು 43 ಲಕ್ಷಕ್ಕೂ ಮೇಲೆ! ಇದಲ್ಲದೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಇದೆಲ್ಲ ಸಾಮಾನ್ಯವಾಗಿ ನಿಮ್ಮ ಕೈಯಿಂದಲೇ ಹೋಗಬೇಕು. ಬರೀ ಜಾಗಕ್ಕೆ ಸಾಲ ಮಾಡಿದರೆ, ಮನೆ ಏಳುವ ತನಕ ಮನೆಸಾಲದ ಬಡ್ಡಿಯ ತೆರಿಗೆ ರಿಯಾಯಿತಿಯೂ ಇಲ್ಲ. ಬ್ಯಾನರಿನಲ್ಲಿ ಇದನ್ನು ಯಾರಾದರೂ ಬರೆಯುತ್ತಾರೆಯೇ?

ಇನ್ನೊಂದು ಮೋಸ, ‘ಅರ್ಧ ಬ್ಲ್ಯಾಕು, ಅರ್ಧ ವೈಟು’. 15 ಲಕ್ಷದ ಜಾಗಕ್ಕೆ ಪತ್ರದಲ್ಲಿ 8 ಲಕ್ಷ. ಮೂರು ವರ್ಷದ ಮೇಲೆ 20 ಲಕ್ಷಕ್ಕೆ ಮಾರಿದಿರಿ ಎನ್ನಿ. ನಿಮ್ಮ ನಿಜವಾದ ಲಾಭ 5 ಲಕ್ಷ, ಕಾಗದದಲ್ಲಿ 12 ಲಕ್ಷ! ಎರಡು ವರ್ಷ ಇಟ್ಟುಕೊಂಡು ಮಾರಿದ ಜಾಗದ ಲಾಭಕ್ಕೆ ಈಗ ತೆರಿಗೆ ಶೇ. 12.5. ಕಟ್ಟಬೇಕಾದ 62,500ರ ಬದಲು ಒಂದೂವರೆ ಲಕ್ಷ! ಅವನು ನುಂಗಿದ ಕಪ್ಪು ಹಣಕ್ಕೆ ತೆರಿಗೆ ನೀವು ಕಟ್ಟುತ್ತೀರಿ. ಮಾರುವವರು ದುಬೈಯಲ್ಲೋ ಕುವೈತಿನಲ್ಲೋ ನೆಲೆಸಿದವರಾದರೆ ಅವರ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವ ನಿಮ್ಮದು. ತಪ್ಪಿದರೆ ನೋಟೀಸು ಬರುವುದು ನಿಮ್ಮ ಹೆಸರಿಗೇ.

ಜಾಗವೂ ಜಾಗವೇ ಹೌದೋ ನೋಡಿ. ತೋರಿಸಿದ ಹತ್ತು ಸೆಂಟ್ಸಿನಲ್ಲಿ ನಾಲ್ಕು ಕುಮ್ಕಿ ಇರಬಹುದು. ಕುಮ್ಕಿ ಸರಕಾರದ ನೆಲ. ಸೊಪ್ಪು, ಸೌದೆಗೆ ವರ್ಗದಾರನಿಗಿರುವ ಹಕ್ಕನ್ನು ಮಾರಲು ಬರುವುದಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಸರಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಕಾನೂನಿನಂತೆ ಆ ಮಾರಾಟವೇ ಅಸಿಂಧು. ಮರವಂತೆಯಂಥ ಕಡಲ ಬದಿಯಲ್ಲಿ ಕರಾವಳಿ ನಿಯಂತ್ರಣ ವಲಯ ಕೇಳದೆ ಮುಂಗಡ ಕೊಡಬೇಡಿ. ಪಹಣಿ, ಕನ್ವರ್ಷನ್ ಆದೇಶ, ನಮೂನೆ 9 ಮತ್ತು 11 ಎಲ್ಲವೂ ಕನ್ನಡದಲ್ಲೇ ಇವೆ. ಓದಿದರೆ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ.

‘ಕಾನೂನಿನ ಪದ ಕನ್ನಡದಲ್ಲಿ ಇಲ್ಲ ಸಾರ್’ ಎನ್ನುವ ಸೂಟುಬೂಟಿನವರೇ, ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿನ ಪತ್ರ ಬರಹಗಾರರನ್ನು ಒಮ್ಮೆ ಮಾತಾಡಿಸಿ. ಚಕ್ಕುಬಂದಿ, ಅಡಮಾನ, ಋಣಭಾರ, ಜಾಮೀನು, ಕರಾರು. ಯಾವ ಪದಕ್ಕೆ ಕೊರತೆ? ಕೊರತೆ ಇರುವುದು ನಿಮ್ಮ ಮನಸ್ಸಿಗೆ!

ಆದ್ದರಿಂದ ತರುಣರೇ, ಮುಂದಿನ ಸಲ ಸಾಲಕ್ಕೆ ಹೋದಾಗ ‘ಪತ್ರ ಕನ್ನಡದಲ್ಲಿ ಕೊಡಿ’ ಎಂದು ಕನ್ನಡದಲ್ಲೇ ಅರ್ಜಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಿ. ಒಬ್ಬ ಕೇಳಿದರೆ ನಗುತ್ತಾರೆ. ನೂರು ಜನ ಕೇಳಿದರೆ ಅಚ್ಚು ಹಾಕಿಸುತ್ತಾರೆ. ಬೋರ್ಡಿನ ಮೇಲಿನ ಕನ್ನಡಕ್ಕೆ ಬೀದಿಗಿಳಿದ ನಾವು, ಅಪ್ಪ ಅಮ್ಮನ ನೆಲವನ್ನು ಅಡವಿಡುವ ಕಾಗದದ ಕನ್ನಡಕ್ಕೆ ಸುಮ್ಮನಿದ್ದರೆ ಹೋರಾಟಕ್ಕೆ ಅರ್ಥವೇನು?

ಕನ್ನಡದಲ್ಲಿ ಕೊಡಿ. ಓದುತ್ತೇವೆ. ಆಮೇಲೆ ಸಹಿ!